ಹುಣಿಸೆಹಣ್ಣು ಹಾಕಿ ತೊಳೆದ ಪೈಪು

ಕಿಟ್ಟಿಯೂ ನಾನೂ ಒಂದೇ ಸಿಗರೇಟು ಹಂಚಿಕೊಂಡು ಸೇದುತ್ತಿದ್ದೆವು. ಆದರೆ ಇಬ್ಬರ ತುಟಿಯೂ ಅದಕ್ಕೆ ತಾಗುತ್ತಿರಲಿಲ್ಲ. ಕಿರುಬೆರಳ ಸಂದಿಗೆ ಸಿಗರೇಟು ಸಿಕ್ಕಿಸಿ, ಮುಷ್ಟಿ ಕಟ್ಟಿ, ಹೆಬ್ಬೆರಳ ಕಡೆಯ ತೂತಿಗೆ ಬಾಯಿಟ್ಟು ದಮ್ಮೆಳೆಯುವುದು. ಎಂಜಲಿನ ಮಾತೇ ಇಲ್ಲ. ಕಾಫಿಯನ್ನೂ ಎತ್ತಿ ಕುಡಿಯುವ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ೧೯೬೩ರ ಮಾತು. ನನಗೆ ಇಪ್ಪತ್ತನಾಲ್ಕು ವರ್ಷ, ನಕ್ಷೆ ಬರೆಯುವ ಕೆಲಸ, ಮನೆ ಜಯನಗರದಲ್ಲಿ. ಭಾನುವಾರ ಬಂದರೆ ಕಿಟ್ಟಿಯ ಜೊತೆ ಸೈಕಲ್ ಹತ್ತಿ ಪುಟ್ಟೇನಹಳ್ಳಿ ಕೆರೆ ಏರಿಗೆ ಹೋಗುತ್ತಿದ್ದೆ, ಸೇದುವುದಕ್ಕೆ. ಅಮ್ಮನ ಮೂಗು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಒಂದು ಭಾನುವಾರ ವಾಪಸು ಬರುವಾಗ ಏರುದಾರಿಯಲ್ಲಿ ಕೆಮ್ಮು ಹತ್ತಿತು. ಸೈಕಲ್ ನಿಲ್ಲಿಸಿ, ಹ್ಯಾಂಡಲಿಗೆ ಹಣೆ ಕೊಟ್ಟು ಕೆಮ್ಮುತ್ತಿದ್ದೆ. ವಾಕಿಂಗ್ ಬಂದಿದ್ದ ಏಕಾಂತಯ್ಯನವರು ಎದುರಿಗೆ ನಿಂತರು. ನಮ್ಮ ಹಿಂದಿನ ರಸ್ತೆಯವರು, ರಿಟೈರಾದ ಇಂಜಿನಿಯರು. ಅವರ ಬಾಯಲ್ಲಿ ಸದಾ ಒಂದು ಪೈಪು.

"ಏನಯ್ಯಾ ಸೇತುರಾಮ, ದಿನಕ್ಕೆಷ್ಟು?"

"ಎರಡೋ ಮೂರೋ ಸಾರ್."

"ಮಿಕ್ಕ ಹದಿನೈದು ಯಾರು ಸೇದ್ತಾರೆ?"

ಕಿಟ್ಟಿ ಕಿಸಕ್ಕನೆ ನಕ್ಕ. ಏಕಾಂತಯ್ಯ ಪೈಪು ತೆಗೆದು ನನ್ನ ಮುಂದೆ ಹಿಡಿದರು. "ಬಿಡಕ್ಕಾಗ್ದಿದ್ರೆ ಇದಕ್ಕೆ ಬಾ. ಇದನ್ನ ಓಡ್ತಾ ಸೇದಕ್ಕಾಗಲ್ಲ, ಕದ್ದು ಸೇದಕ್ಕಾಗಲ್ಲ. ಕೂರ್ಬೇಕು. ಕೂರೋಕೆ ಪುರುಸೊತ್ತಿಲ್ದೋನು ಸೇದೋದೇ ಇಲ್ಲ. ಅಷ್ಟೇ ಲಾಭ."

ಆ ವಾರವೆಲ್ಲ ನನಗೆ ಪೈಪಿನದೇ ಧ್ಯಾನ. ಆಫೀಸಿನಲ್ಲಿ ನೀರಿನ ಟ್ಯಾಂಕಿನ ನಕ್ಷೆಯ ಅಂಚಿನಲ್ಲಿ ಪೈಪು ಬರೆದೆ. ಬಾಗಿದ್ದು, ನೇರದ್ದು, ಅಡ್ಡ ಸೀಳಿ ಒಳಗಿನ ತೂತು ತೋರಿಸಿದ್ದು. ದಿನಾ ಸಂಜೆ ಏಕಾಂತಯ್ಯನವರ ಜಗಲಿಗೆ ಹೋಗಿ ತಲೆ ತಿಂದೆ. ಶನಿವಾರ ಅವರು ಬೀರುವಿನಿಂದ ಒಂದು ಬಟ್ಟೆಗಂಟು ತಂದರು.

"ನಮ್ಮಣ್ಣ ಶಂಭುಲಿಂಗಪ್ಪನದು. ಇಪ್ಪತ್ತು ವರ್ಷ ಸೇದಿದ್ದ. ಅವನು ಹೋಗಿ ಎಂಟು ವರ್ಷ ಆಯ್ತು. ಅವನ್ದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ಒಂದ್ವಾರ ಇಟ್ಕೊಂಡು ನೋಡು. ಹಿಡಿಸಿದ್ರೆ ನಿಂಗೊಂದು ಕೊಂಡ್ಕೋ. ನಾಳೆ ಬಿಟ್ಟು ಬರೋ ಭಾನುವಾರ ಇದನ್ನ ವಾಪಸ್ ತಂದ್ಕೊಡು. ಹುಷಾರು ಕಣಯ್ಯಾ."

ಮರುದಿನ ಅಮ್ಮ ಹರಿಕಥೆಗೆ ಹೋದ ಮೇಲೆ ತಾರಸಿಯಲ್ಲಿ ಗಂಟು ಬಿಚ್ಚಿದೆ. ಕರಿಗೆಂಪು ಮರದ ಬಟ್ಟಲು, ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಕಪ್ಪು ರಬ್ಬರಿನ ಕೊಳವೆ ಮಿರಮಿರ ಮಿಂಚುತ್ತಿತ್ತು. ಕೊಳವೆಯ ತುದಿಯಲ್ಲಿ ಮಾತ್ರ ಎರಡು ಹಲ್ಲಿನ ಗುರುತು.

ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮುಷ್ಟಿ ಕಟ್ಟಿ ಸೇದಲು ನೋಡಿದೆ. ಪೈಪು ಬೆರಳ ಸಂದಿಯಲ್ಲಿ ನಿಲ್ಲದೆ ಮಗುಚಿಕೊಂಡಿತು. ನಾನು ಹೊಸ ಕಾಲದವನು, ಹೋಟೆಲಿನಲ್ಲಿ ಯಾರ ಪಕ್ಕ ಬೇಕಾದರೂ ಕೂತು ಉಣ್ಣುವವನು. ಆದರೂ ಇಪ್ಪತ್ತು ವರ್ಷದ ಎಂಜಲು!

ಅದಕ್ಕೇನು, ಎಂಜಲಾದ ಪಾತ್ರೆಗೆ ಮಾಡುವುದನ್ನೇ ಮಾಡಿದರಾಯಿತು ಅನ್ನಿಸಿತು. ಬಚ್ಚಲಿಗಿಳಿದೆ. ಹಂಡೆಯಲ್ಲಿ ಬಿಸಿನೀರಿತ್ತು. ಅಡುಗೆಮನೆಯಿಂದ ಹುಣಿಸೆಹಣ್ಣು ತಂದು, ತೆಂಗಿನನಾರಿನಲ್ಲಿ ತಿಕ್ಕಿದೆ. ಬಟ್ಟಲೊಳಗೆ ಕಪ್ಪಗೆ ಗಟ್ಟಿಯಾಗಿ ಏನೋ ಸೀದು ಹಿಡಿದಿತ್ತು. ಅದನ್ನು ಚಮಚದ ಹಿಡಿಯಿಂದ ಕೆರೆದು ಕೆರೆದು ತೆಗೆದೆ. ಆಮೇಲೆ ಕೊಳವೆಯನ್ನು ಬಟ್ಟಲಿನಿಂದ ಕಿತ್ತು, ಎರಡೂ ತುಂಡುಗಳನ್ನು ಕುದಿಯುವ ನೀರಿನಲ್ಲಿ ಎರಡು ಗಂಟೆ ನೆನೆಹಾಕಿದೆ. ಬಹಳ ಹೆಮ್ಮೆಯಿಂದ.

ಆಮೇಲೆ ತೆಗೆದು ನೋಡಿದೆ. ಮರ ಬಿಳಿಚಿಕೊಂಡು ಹಳೇ ಲಟ್ಟಣಿಗೆಯಂತಾಗಿತ್ತು. ಮಿರುಗುತ್ತಿದ್ದ ಕೊಳವೆ ಸಾಸಿವೆ ಅರೆದ ಬಣ್ಣಕ್ಕೆ ತಿರುಗಿತ್ತು. ಸೇರಿಸಲು ಹೋದರೆ, ನೀರು ಕುಡಿದು ಉಬ್ಬಿದ ಮರದೊಳಗೆ ಕೊಳವೆ ಹೋಗಲೇ ಇಲ್ಲ.

ಕಿಟ್ಟಿಗೆ ತೋರಿಸಿದೆ.

"ಲೋ, ಏನೋ ಇದು, ಬಾಣಂತಿ ಸ್ನಾನ ಮಾಡ್ಸಿದ್ದೀಯಾ?"

"ತಮಾಷೆ ಬೇಡ ಕಣೋ. ಸತ್ತೋದ ಅಣ್ಣಂದು. ಅವರು ನನ್ನ ನಂಬಿ ಕೊಟ್ಟಿದ್ದಾರೆ."

"ಇಂಥದ್ದೇ ಇನ್ನೊಂದು ತಂದು ಕೊಟ್ಬಿಡು. ಮುದುಕರಿಗೆ ಎಲ್ಲಿ ಗೊತ್ತಾಗುತ್ತೆ?"

"ಹಲ್ಲಿನ ಗುರುತು?"

"ನಾನು ಕಚ್ಚಿಕೊಡ್ತೀನಿ."

ಆ ವಾರ ಹೇಗೆ ಕಳೆದೆನೋ. ಎರಡು ತುಂಡುಗಳನ್ನೂ ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ, ಸಿಗರೇಟು ಇರುತ್ತಿದ್ದ ಜೇಬಿನಲ್ಲಿ. ಗಂಟೆಗೊಮ್ಮೆ ಅಭ್ಯಾಸಬಲದಿಂದ ಕೈ ಅಲ್ಲಿಗೆ ಹೋಗುವುದು, ಪೈಪು ತಾಗುವುದು, ಸಂಕಟವಾಗುವುದು, ತೆಗೆದು ಸೇರುತ್ತದೋ ಎಂದು ನೋಡುವುದು, ಸೇರದಿರುವುದು. ಗುರುವಾರ ಬಲವಂತ ಮಾಡಿದಾಗ ಮರ ಕಿರ್ರೆಂದಿತು. ಹೆದರಿ ಮತ್ತೆ ಮುಟ್ಟಲಿಲ್ಲ. ಏಕಾಂತಯ್ಯನವರ ರಸ್ತೆ ಬಿಟ್ಟು ಸುತ್ತಿ ಬಳಸಿ ಮನೆಗೆ ಹೋಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹೋಗಿ, ಜಗಲಿಯ ಮೇಲೆ ಕರ್ಚೀಫು ಬಿಚ್ಚಿಟ್ಟು, ಒಂದೇ ಉಸಿರಿಗೆ ಹೇಳಿಬಿಟ್ಟೆ. ಎಂಜಲು, ಹುಣಿಸೆಹಣ್ಣು, ಹಂಡೆ, ಚಮಚ, ಒಂದನ್ನೂ ಬಿಡಲಿಲ್ಲ. ಏಕಾಂತಯ್ಯ ಬಟ್ಟಲನ್ನು ಎತ್ತಿ ಮೂಗಿಗೆ ಹಿಡಿದರು. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದರು.

"ಅಣ್ಣನ ವಾಸನೆ ಇತ್ತು ಇದ್ರಲ್ಲಿ," ಎಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಒಳಗಿನಿಂದ ಕಾಫಿ ತಂದ ನೀಲಗಂಗಮ್ಮನವರು ಗಂಡನ ಕೈಲಿದ್ದುದನ್ನು ಬಗ್ಗಿ ನೋಡಿದರು. "ಬರೀ ಹುಣಿಸೆಹಣ್ಣಾ? ಒಂದು ಚೂರು ಬೂದಿ ಹಾಕಿದ್ರೆ ಚೆನ್ನಾಗಿ ಬೆಳಗ್ತಿತ್ತು."

ಏಕಾಂತಯ್ಯನವರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಹೆಗಲು. ಕೊನೆಗೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಒಂದು ವಿಷ್ಯ ಹೇಳ್ತೀನಿ ಕೇಳು. ಎಂಟು ವರ್ಷದಲ್ಲಿ ಒಂದ್ಸಲವೂ ನಾನು ಇದನ್ನ ಬಾಯಿಗಿಟ್ಟಿಲ್ಲ. ಒಡಹುಟ್ಟಿದೋನು, ಆದ್ರೂ ಎಂಜಲು ಎಂಜಲೇ ನೋಡು. ತೊಳಿಯೋಕೆ ಮನಸ್ಸು ಬರ್ಲಿಲ್ಲ, ಸೇದೋಕೆ ಬಾಯಿ ಬರ್ಲಿಲ್ಲ. ಬೀರು ತೆಗೆದಾಗೆಲ್ಲ ಮೂಸಿ ನೋಡಿ ಮುಚ್ಚಿಡೋದು, ಇದೇ ಆಯ್ತು." ಹೇಳುತ್ತಲೇ ಕೊಳವೆಯನ್ನು ತೂತಿಗಿಟ್ಟು ನಿಧಾನವಾಗಿ ತಿರುಗಿಸಿದರು. ಟಕ್ ಎಂದು ಕೂತಿತು. "ಮರ ಒಣಗೋವರ್ಗೂ ಕಾಯ್ಬೇಕಯ್ಯಾ. ನೀನು ಗುದ್ದಾಡಿರ್ತೀಯ."

ಆ ಟಕ್ ಎಂಬ ಸದ್ದಿಗೆ ನನ್ನ ಎದೆಯ ಮೇಲಿಂದ ಒಂದು ರುಬ್ಬುಗುಂಡು ಕೆಳಗಿಳಿಯಿತು.

"ವಾರದಲ್ಲಿ ಸಿಗರೇಟೆಷ್ಟು?" ಎಂದು ಕೇಳಿದರು.

ಲೆಕ್ಕ ಹಾಕಲು ಹೋದೆ. ಕಳೆದ ಭಾನುವಾರದ ಪೊಟ್ಟಣ ಪ್ಯಾಂಟಿನ ಜೇಬಿನಲ್ಲಿ ಚಪ್ಪಟೆಯಾಗಿ ಕೂತಿತ್ತು, ಅದರಲ್ಲಿ ಏಳು ಹಾಗೇ ಇದ್ದವು. ಸೇದುವುದೇ ಮರೆತುಹೋಗಿತ್ತು. ಕಿಟ್ಟಿಯ ಮುಷ್ಟಿಯಿಂದ ಎರಡು ದಮ್ಮು, ಅಷ್ಟೇ. ಹಾಗೇ ಹೇಳಿದೆ.

"ಹಾಗಾದ್ರೆ ಕೂತ್ಕೋ," ಎಂದು ಅಣ್ಣನ ಪೈಪನ್ನೇ ನನ್ನ ಕೈಗಿಟ್ಟು ತಮ್ಮ ತಂಬಾಕಿನ ಡಬ್ಬಿ ತೆಗೆದರು. "ಕೆಳಗೆ ಸಡಿಲವಾಗಿ ಬಿಡು. ಮೇಲ್ಗಡೆ ವೀಳ್ಯದೆಲೆಗೆ ಸುಣ್ಣ ಹಚ್ಚೋ ಹಾಗೆ ಒತ್ತು. ಗುದ್ದಬೇಡ."

ಹಚ್ಚಿದೆ. ಆರಿತು. ಮತ್ತೆ ಹಚ್ಚಿ ಸಿಗರೇಟಿನ ಹಾಗೆ ಜಗ್ಗಿದೆ. ನಾಲಿಗೆ ಚುರ್ರೆಂದಿತು.

"ಎಳೀಬೇಡ ಕಣೋ, ಹೀರು. ಬಿಸಿ ಕಾಫಿ ತುಟಿಯಲ್ಲಿ ಹೀರಲ್ವಾ, ಹಾಗೆ."

"ನಮ್ಮನೇಲಿ ಎತ್ತಿ ಕುಡೀತೀವಿ ಸಾರ್."

"ಥತ್! ಕೊಡಿಲ್ಲಿ." ಪೈಪು ಕಿತ್ತುಕೊಂಡು ತಮ್ಮ ಬಾಯಿಗಿಟ್ಟು, ಸಣ್ಣದಾಗಿ ಎರಡು ಸಲ ಹೀರಿದರು. ಬಟ್ಟಲಲ್ಲಿ ಕೆಂಡ ಸಮನಾಗಿ ಅರಳಿತು. ತೆಳ್ಳಗೆ ಹೊಗೆ ಬಿಟ್ಟು, "ಹೀಗೆ," ಎನ್ನುತ್ತಿದ್ದವರು ಅರ್ಧದಲ್ಲೇ ನಿಂತರು. ಪೈಪನ್ನು ನೋಡಿದರು, ನನ್ನನ್ನು ನೋಡಿದರು.

"ನೀನು ಬಾಯಿಗಿಟ್ಟಿದ್ಯಲ್ಲ."

"ಹೂಂ ಸಾರ್."

"ಈಗ ನಾನೂ ಇಟ್ಟೆ."

"ಹೂಂ."

ಅವರು ಇನ್ನೊಂದು ಸಲ ಹೀರಿದರು. ಆಮೇಲೆ ಪೈಪನ್ನು ನನ್ನ ಕಡೆ ಚಾಚಿದರು. "ವಾಪಸ್ ಅಂದಿದ್ದು ಬಿಟ್ಬಿಡು, ಇದು ನಿಂಗೇ ಇರ್ಲಿ. ಅಣ್ಣಂದು ತೊಳೆದುಹೋಯ್ತು. ಇನ್ನು ನಿಂದು ಒಳಗಡೆ ಕಪ್ಪಗೆ ಕೂರ್ಬೇಕು, ವರ್ಷ ಹಿಡಿಯುತ್ತೆ. ಮನೆಗೆ ಹೋಗಿ ಮತ್ತೆ ಹಂಡೇಲಿ ಹಾಕ್ತೀಯೇನು?"

"ಇಲ್ಲ ಸಾರ್," ಎಂದೆ. ಒರೆಸಲೂ ಇಲ್ಲ, ಹಾಗೇ ಬಾಯಿಗಿಟ್ಟುಕೊಂಡೆ. ಸ್ವಲ್ಪ ಹುಳಿಹುಳಿಯಾಗಿತ್ತು.