ಸಡಿಲ ಹೊಲಿಗೆ

ಪಕ್ಕಡದ ಬಾಯಿಗೆ ಮೊದಲ ತಂತಿ ಸಿಕ್ಕಿತ್ತು. ರಘುನಂದನ ಇನ್ನೇನು ಅದನ್ನು ಕತ್ತರಿಸಬೇಕು, ಅಷ್ಟರಲ್ಲಿ ಮೆಟ್ಟಿಲಿಳಿದು ಬಂದ ವಿಮಲಾ ಅವನ ಮಣಿಕಟ್ಟು ಹಿಡಿದಳು.

“ಕೈ ತಗಿ, ರಘು.”

ಗಂಡನ ಹೆಣದ ಪಕ್ಕ ಕೂತಿರಬೇಕಾದವಳು ಕೆಳಗೆ ಬಂದದ್ದು ನೋಡಿ ಪಾರ್ಕಿಂಗಿನಲ್ಲಿ ನಿಂತಿದ್ದವರೆಲ್ಲ ಹಿಂದೆ ಸರಿದು ದಾರಿ ಬಿಟ್ಟರು. ರಘುನಂದನನೂ ಕೆಟ್ಟವನಲ್ಲ. ಅಣ್ಣ ವಾಮನ ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ ಎಂಬ ಸುದ್ದಿ ಮುಟ್ಟಿದ್ದೇ ಪುಣೆಯಲ್ಲಿ ಸಿಕ್ಕ ಬಸ್ಸು ಹತ್ತಿ, ಬೆಳಗಾಗುವ ಹೊತ್ತಿಗೆ ನಾಗಪುರದ ಲಕ್ಷ್ಮೀ ನಗರಕ್ಕೆ ಬಂದವನು. ಬಂದವನಿಗೆ ಅಳುವುದಕ್ಕೂ ಪುರಸೊತ್ತಾಗಲಿಲ್ಲ. ಹೆಣ ಕೆಳಗಿಳಿಸಬೇಕು, ಜನ ಕಡೆಯ ಸಲ ಮುಖ ನೋಡಬೇಕು, ಅದಕ್ಕೆ ಜಾಗ ಬೇಕು. ಇರುವ ಒಂದೇ ಜಾಗದಲ್ಲಿ ಅಣ್ಣ ಹದಿನಾರು ಅಡಿಯ ದೋಣಿ ಹರವಿಕೊಂಡು ಹೋಗಿದ್ದಾನೆ.

ದೋಣಿ ಎಂದರೂ ಅದಿನ್ನೂ ಪೂರ್ತಿ ದೋಣಿಯಲ್ಲ. ತೆಳು ಪ್ಲೈವುಡ್ಡನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಸಣ್ಣ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದ ಕಯಾಕ್ ಅದು. ಹೊಲಿಗೆಯೆಲ್ಲ ಸಡಿಲ. ತಂತಿ ಬಿಗಿದು, ಸಂದಿಗೆ ಅಂಟು ಹಾಕಿದ ಮೇಲೆಯೇ ಅದಕ್ಕೆ ಮೈಯೆಂಬುದು ಬರುವುದು. ಈಗ ಎತ್ತಿದರೆ ತಿರುಚಿಕೊಂಡು ತೂತುಗಳೆಲ್ಲ ಹರಿಯುತ್ತವೆ. ತಂತಿ ಕತ್ತರಿಸಿ ಹಲಗೆಗಳನ್ನು ಗೋಡೆಗೆ ಒರಗಿಸೋಣ, ಮುಂದೆ ಯಾರಾದರೂ ಹೊಲಿದುಕೊಳ್ಳಲಿ ಎಂದು ರಘುನಂದನ ಹೇಳಿದ. ಯಾರಾದರೂ ಎಂದರೆ ಯಾರೂ ಇಲ್ಲ ಎಂಬುದು ವಿಮಲಾಗೆ ಗೊತ್ತಿತ್ತು. ಬಿಚ್ಚಿದ ಹಲಗೆ ಈ ಚಳಿಗಾಲದಲ್ಲಿ ಯಾವುದಾದರೊಂದು ಬೆಂಕಿಗೆ ಹೋಗುತ್ತದೆ, ಅಷ್ಟೆ.

“ಅವರನ್ನ ಇದರ ಬಾಜೂಕ ಮಲಗಸ್ರಿ,” ಎಂದಳು. “ಜಾಗಾ ಸಾಕಾಗ್ತದ.”

ಹಾಗೇ ಮಾಡಿದರು. ವಾಮನನನ್ನು ತಂದು ದೋಣಿಯ ಪಕ್ಕದಲ್ಲೇ ಮಲಗಿಸಿದರು. ವಾಯುಸೇನೆಯ ಹಳೆಯ ಸಂಗಾತಿಗಳು ಬಂದರು, ಕಾಮಠಿಯಿಂದ ಇಬ್ಬರು ಬಂದರು, ಎಲ್ಲರೂ ಹಾರ ಹಾಕಿ ಕೈ ಮುಗಿದು ಒಮ್ಮೆ ದೋಣಿಯ ಕಡೆಗೂ ಕಣ್ಣು ಹಾಯಿಸಿದರು. ಸೊಸೈಟಿಯ ಸೆಕ್ರೆಟರಿ ಹೂವು ಹಾಕಿದ ಕೈಯಲ್ಲೇ ರಘುನಂದನನ ಭುಜ ಹಿಡಿದು ಆಚೆ ಕರೆದೊಯ್ದು ಮಾತಾಡಿದರು. ಹದಿಮೂರು ದಿನ ಜನ ಬಂದು ಹೋಗುವ ಜಾಗ, ಇವತ್ತು ಸಂಜೆಯೊಳಗೆ ಖಾಲಿಯಾಗಬೇಕು. ರಘುನಂದನ ತಲೆ ತಗ್ಗಿಸಿ ಬಂದು ಅತ್ತಿಗೆಯ ಮುಂದೆ ಕೂತ.

“ಘಾಟಿನಿಂದ ಬಂದ ಮ್ಯಾಲೆ ಬಿಚ್ಚತೀನಿ, ವೈನಿ. ಮಾತು ಕೊಟ್ಟೀನಿ.”

ವಿಮಲಾ ದೋಣಿಯ ಒಂದು ಸಡಿಲ ಹೊಲಿಗೆಯನ್ನು ಬೆರಳಿನಿಂದ ಅಲುಗಿಸಿ ನೋಡಿದಳು. ಮೂರು ಮನೆ ಆಚೆಯ ಕೃಷ್ಣಪ್ರಸಾದರು ಅವಳ ಪಕ್ಕಕ್ಕೆ ಬಂದು ನಿಂತರು. ಉಮರೇಡ್ ಗಣಿಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತರಾದವರು, ಮೈಸೂರಿನ ಕಡೆಯವರು, ದೋಣಿಯ ಮೊದಲ ದಿನದಿಂದ ವಾಮನನ ಅಳತೆ ಟೇಪಿನ ಇನ್ನೊಂದು ತುದಿ ಹಿಡಿದವರು.

“ಬಿಗಿಯಾಗಿದ್ದಿದ್ರೆ ನಮ್ಮ ಪೋರ್ಟಿಕೋದಲ್ಲಿ ಇಟ್ಕೋತಿದ್ದೆ ಕಣಮ್ಮ,” ಎಂದರು. “ಇವತ್ತು ನಾನು ಅವನಿಗೆ ಹೆಗಲು ಕೊಡ್ಲೇಬೇಕಲ್ಲ.”

“ಹೋಗಿ ಬರ್ರಿ,” ಎಂದಳು ವಿಮಲಾ. ಅಂಬಾಝರಿ ಘಾಟಿಗೆ ಹೋಗಿ ದಹನ ಮುಗಿಸಿ ಬರಲು ಮೂರು ತಾಸು ಬೇಕು. ಅವಳ ತಲೆಯಲ್ಲಿ ಆಗ ಇದ್ದದ್ದು ಅದೊಂದೇ.

*

ವಾಮನ ಧಾರವಾಡದವನು. ಇಪ್ಪತ್ತೆಂಟು ವರ್ಷ ವಾಯುಸೇನೆಯಲ್ಲಿ ಏರ್‌ಫ್ರೇಮ್ ಫಿಟರ್ ಆಗಿ ವಿಮಾನದ ಮೈ ರಿಪೇರಿ ಮಾಡಿದ, ಕಡೆಯ ಪೋಸ್ಟಿಂಗಿನ ಊರಲ್ಲೇ ಮನೆ ಕೊಂಡ. ಎಪ್ಪತ್ತರ ಹೊಸ್ತಿಲಲ್ಲಿ ಒಂದು ದಿನ ಪ್ಲೈವುಡ್ ಹೊರಿಸಿಕೊಂಡು ಬಂದಾಗ ವಿಮಲಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಈಜು ಬಾರದು, ಮೊಣಕಾಲು ಮಡಚಲು ಬಾರದು, ಇವರಿಗೆ ದೋಣಿ.

“ಜನ್ಮಪೂರ್ತಿ ಮಂದಿ ಹತ್ತೂದನ್ನ ರಿಪೇರಿ ಮಾಡೀನಿ,” ಎಂದಿದ್ದ. “ನಾ ಕೂಡೂವಂಥದ್ದು ಒಂದು ಮಾಡ್ತೀನಿ.”

ಕೂರುವ ಜಾಗ ಒಂದಲ್ಲ, ಎರಡು ಗುರುತು ಹಾಕಿದ್ದ. ಇನ್ನೊಂದು ಯಾರಿಗೆ ಎಂದು ಅವಳು ಕೇಳಲಿಲ್ಲ, ತಾನಂತೂ ಹತ್ತುವವಳಲ್ಲ ಎಂದು ಮೊದಲೇ ಹೇಳಿಬಿಟ್ಟಳು.

ಕತ್ತರಿಸಿದ್ದು ನೆಟ್ಟಗಿತ್ತು, ಕೊರೆದದ್ದು ನೆಟ್ಟಗಿತ್ತು. ಕೆಟ್ಟದ್ದು ಹೊಲಿಗೆಯಲ್ಲಿ. ವಿಮಾನದ ನಟ್ಟು ಹಾರುವಾಗ ಸಡಿಲವಾಗದಂತೆ ಅದಕ್ಕೆ ತಂತಿ ಹೊಸೆದು ಕಟ್ಟುತ್ತಾರೆ. ಕಟ್ಟಿದ ಕೂಡಲೇ ಬಿಗಿಯಬೇಕು, ಬಿಗಿದದ್ದನ್ನು ಎರಡು ಸಲ ನೋಡಬೇಕು, ಆಮೇಲೆಯೇ ಮುಂದಿನ ನಟ್ಟು. ಆ ಕೈ ದೋಣಿಗೂ ಅದನ್ನೇ ಮಾಡಿತು. ಒಂದೊಂದೇ ಹೊಲಿಗೆಯನ್ನು ಗಿಟಕ್ ಎನ್ನಿಸಿ ಬಿಗಿಯುತ್ತಾ ಮುಂದೆ ಹೋಗಿ, ತುದಿ ಮುಟ್ಟುವ ಹೊತ್ತಿಗೆ ದೋಣಿ ಒಣಗಿದ ಬಾಳೆಲೆಯ ಹಾಗೆ ತಿರುಚಿಕೊಂಡಿತ್ತು. ನಾಲ್ಕು ದಿನ ವಾಮನ ಅದರ ಸುತ್ತಲೇ ತಿರುಗಿದ. ಪ್ಲೈವುಡ್ಡನ್ನು ಬೈದ, ನಾಗಪುರದ ಹವೆಯನ್ನು ಬೈದ, ಕೃಷ್ಣಪ್ರಸಾದರ ಟೇಪನ್ನೂ ಬೈದ.

ಐದನೆಯ ದಿನ ವಿಮಲಾ ಹಳೆಯ ಸೀರೆಗಳ ಕೌದಿ ಹೊಲಿಯುತ್ತಾ ಕೂತಿದ್ದವಳು ತಲೆಯೆತ್ತದೆ ಹೇಳಿದಳು: “ಕಚ್ಚಾ ಹೊಲಿಗಿ ಹಾಕದ ಯಾರರ ಬಿಗಿತಾರೇನು? ಮೊದಲ ಎಲ್ಲಾ ಕಡೆ ಸಡಿಲ ಹಿಡೀಬೇಕು. ಅರಿವಿ ತನ್ನ ಜಾಗಾ ತಾನ ನೋಡಿಕೊಳ್ತದ. ಆಮ್ಯಾಲೆ ಜಗ್ಗಬೇಕು.”

ಇದು ಕೌದಿಯಲ್ಲ ಎಂದು ಅವನು ರೇಗಿದ. ಮರುದಿನ ಬೆಳಿಗ್ಗೆ ನೋಡಿದರೆ ತಂತಿಯನ್ನೆಲ್ಲ ಕತ್ತರಿಸಿ ಗುಡ್ಡೆ ಹಾಕಿ ಕೂತಿದ್ದ. ತನ್ನ ಕೈಗೆ ಸಡಿಲವಾಗಿ ಕಟ್ಟುವುದು ಈ ಜನ್ಮದಲ್ಲಿ ಬರುವುದಿಲ್ಲ, ನೀನೇ ಹಾಕು ಎಂದ. ಹದಿನೈದು ದಿನ ಅವನು ಹಲಗೆ ಹಿಡಿದ, ಅವಳು ಹೊಲಿದಳು. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಇಬ್ಬರೂ ಅಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದಿಲ್ಲ. ಬಿಗಿಯುವುದು ಆದಿತ್ಯವಾರ ಎಂದು ಗೊತ್ತುಮಾಡಿಕೊಂಡಿದ್ದರು. ವಾಮನ ಶುಕ್ರವಾರ ಹೋದ. ವಿಮಲಾಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂದಿತ್ತು, ಎರಡು ದಿನ ತಡೆಯಲಾಗಲಿಲ್ಲವೇ ಈ ಮನುಷ್ಯನಿಗೆ ಎಂದು.

*

ಚಟ್ಟ ಎತ್ತಿದರು. ಗೇಟಿನ ತನಕ ಹೋಗಿ ವಿಮಲಾ ನಿಂತಳು. ಅವರ ಮನೆತನದಲ್ಲಿ ಹೆಂಗಸರು ಅಲ್ಲಿಂದ ಮುಂದೆ ಹೋಗುವುದಿಲ್ಲ. ಮಗಳು ಕೃಪಾ ಆ ಪದ್ಧತಿಯನ್ನೆಲ್ಲ ಒಪ್ಪುವವಳಲ್ಲ, ಘಾಟಿಗೆ ಹೋಗುವ ವ್ಯಾನು ಹತ್ತಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ವಿಮಲಾ ಅವಳ ಕೈ ಹಿಡಿದಳು.

“ನೀ ಹೋಗಬಾರದು ಅಂತ ಅಲ್ಲ. ಅಲ್ಲೆ ನಿನ್ನ ಕೈಗೆ ಕೆಲಸ ಇಲ್ಲ. ಇಲ್ಲೆ ಅದ.”

ಕೃಪಾ ದೋಣಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಚಪ್ಪಲಿ ಬಿಟ್ಟಳು.

ನೆಲ ತೊಳೆದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿದರು. ತಲೆಗೆ ನೀರು ಹಾಕಿಕೊಂಡು ಬಂದ ವಿಮಲಾ, ಕೂದಲೂ ಒರೆಸದೆ, ವಾಮನನ ಡಬ್ಬಿಯಿಂದ ನಾಲ್ಕು ಪಕ್ಕಡ ತೆಗೆದಳು. ಮೇಲಿನ ಮನೆಯ ರಾಜಮ್ಮ ಗಾಬರಿಯಾದರು. ಸೂತಕದಲ್ಲಿ ಸೂಜಿ ಮುಟ್ಟಬಾರದು, ಇದು ಹೊಲಿಗೆಯಲ್ಲವೇ ಎಂದು ಮೆಲ್ಲಗೆ ಕೇಳಿದರು.

“ಇದರಾಗ ಸೂಜಿ ಎಲ್ಲದ, ರಾಜಮ್ಮ? ಇದು ಪಕ್ಕಡ.”

ರಾಜಮ್ಮ ದೀಪದ ಕಡೆ ಒಮ್ಮೆ ಕೈ ಮುಗಿದರು. ಒಂದು ಪಕ್ಕಡ ತೆಗೆದುಕೊಂಡರು. ಎದುರು ಮನೆಯ ಇಂದುಮತಿಬಾಯಿಗೆ ಕನ್ನಡ ಬಾರದು, ಅವರು ಏನೂ ಕೇಳದೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದು ನಿಂತರು.

ದೋಣಿಯ ಈ ಕಡೆ ಇಬ್ಬರು, ಆ ಕಡೆ ಇಬ್ಬರು. ನಡುವಿನಿಂದ ತುದಿಗಳಿಗೆ ಹೋಗಬೇಕು, ಎದುರುಬದುರಿನ ಹೊಲಿಗೆಯನ್ನು ಒಟ್ಟಿಗೇ ತಿರುಗಿಸಬೇಕು, ಒಂದು ಸಲಕ್ಕೆ ಅರ್ಧ ಸುತ್ತು, ಹೆಚ್ಚಿಲ್ಲ. ವಿಮಲಾ “ಹೂಂ” ಎಂದಾಗ ನಾಲ್ಕು ಕೈ ತಿರುಗುತ್ತಿದ್ದವು. ಧಾರವಾಡದಲ್ಲಿ ಅವಳ ಅಜ್ಜಿ ಕೌದಿಯ ನಾಲ್ಕು ಮೂಲೆಗೆ ನಾಲ್ವರನ್ನು ಕೂರಿಸಿ ಹೀಗೇ ಜಗ್ಗಿಸುತ್ತಿದ್ದಳು. ಒಂದು ತಾಸು ಕಳೆಯುವಷ್ಟರಲ್ಲಿ ಹಲಗೆಗಳ ನಡುವಿನ ಬೆಳಕು ಸಣ್ಣಗಾಗಿ, ಕೆಳಗಿನ ನೆಲ ಕಾಣದಾಯಿತು.

ಆಮೇಲೆ ವಿಮಲಾ ಮೂತಿಯ ಕಡೆ ಹೋಗಿ ಬಗ್ಗಿ ನೋಡಿದಳು. ಬಲಗಡೆಯ ಅಂಚು ಎರಡು ಬೆರಳಿನಷ್ಟು ಮೇಲೆದ್ದಿತ್ತು. ಆ ಕಡೆ ಇದ್ದವಳು ಕೃಪಾ. ಅವಳು ಅಳುತ್ತಾ, ಯಾರಿಗೂ ಕಾಣದಂತೆ ಮುಖ ತಗ್ಗಿಸಿ, ಒಂದೊಂದು ತಂತಿಯನ್ನೂ ಪೂರ್ತಿ ಬಿಗಿದಿದ್ದಳು. ಒಂದೊಂದನ್ನೂ ಎರಡೆರಡು ಸಲ ಮುಟ್ಟಿ ನೋಡಿದ್ದಳು.

“ಬರೋಬರ್ ಆಗಿಲ್ಲಾ, ಅಮ್ಮ?”

ವಿಮಲಾ ಆ ಹೊಸೆದ ತಂತಿಗಳ ಮೇಲೆ ಬೆರಳಾಡಿಸಿದಳು. ಅಂಗಡಿಯಲ್ಲಿ ಮಾಡಿಸಿದ ಹಾಗೆ ಸಮವಾಗಿದ್ದವು. ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ನಗುವೂ ಬಂತು.

“ಥೇಟ್ ನಿಮ್ಮಪ್ಪನ ಕೈ,” ಎಂದಳು. “ಬಿಚ್ಚು. ಬಿಡೂದನ್ನೂ ಕಲಿಬೇಕವಾ.”

ಬಿಚ್ಚಿದರು. ಮತ್ತೆ ನಡುವಿನಿಂದ ಶುರುಮಾಡಿದರು. ಒಂದೂವರೆ ತಾಸು ಉಳಿದಿತ್ತು, ಆಮೇಲೆ ಒಂದು. ಈ ಸಲ ಕೃಪಾ ಅಮ್ಮನ “ಹೂಂ”ಗೆ ಕಾದಳು. ಕಡೆಯ ಹೊಲಿಗೆ ಕೂಡಿದ ಮೇಲೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟನ್ನು ಕಲೆಸಿ, ಐಸ್‌ಕ್ರೀಮ್ ಕಡ್ಡಿಯಿಂದ ಹೊಲಿಗೆ ಹೊಲಿಗೆಯ ನಡುವೆ ಹಚ್ಚಿದರು. ಇಂದುಮತಿಬಾಯಿ ಬೀಸಣಿಗೆ ತಂದು ಗಾಳಿ ಹಾಕಿದರು. ಅಂಟಿಗೆ ಅದರ ಅಗತ್ಯವಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ.

ವ್ಯಾನು ಬಂದು ನಿಂತಿತು. ಘಾಟಿನಲ್ಲಿ ಮಿಂದು ಬಂದಿದ್ದ ಗಂಡಸರು ನಲ್ಲಿಯ ಕೆಳಗೆ ಕೈಕಾಲು ತೊಳೆದು, ಒದ್ದೆ ಬಟ್ಟೆಯಲ್ಲೇ ಬಂದು ದೀಪ ನೋಡಿ ಕೈ ಮುಗಿದರು. ರಘುನಂದನನ ಕಣ್ಣು ಕೆಂಪಗಿತ್ತು, ಅಳು ಅಲ್ಲಿ ಆಗಿತ್ತೆಂದು ಕಾಣುತ್ತದೆ. ಅವನು ಪಕ್ಕಡಕ್ಕಾಗಿ ಸುತ್ತಲೂ ನೋಡಿದ, ಅದು ಅತ್ತಿಗೆಯ ಕೈಯಲ್ಲಿತ್ತು. ಕೃಷ್ಣಪ್ರಸಾದರು ಮಾತ್ರ ನೇರ ದೋಣಿಯ ಮೂತಿಗೆ ಹೋಗಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರು. ಬಹಳ ಹೊತ್ತು ನೋಡಿದರು.

“ನೆಟ್ಟಗಿದೆ,” ಎಂದರು.

ರಘುನಂದನ ನಂಬದೆ ಒಂದು ಬೆರಳಿನಿಂದ ತುದಿಯನ್ನು ಎತ್ತಿದ. ಆಚೆ ತುದಿಯೂ ಅದರ ಜೊತೆಗೇ ಅಲುಗಿತು. ಅವನು ಶರ್ಟಿನ ತೋಳು ಮಡಚಿ, ದೋಣಿಯನ್ನು ಬೋರಲು ಮಾಡಲು ಕೈ ಹಚ್ಚಿ, ಬಗ್ಗಿ ಹೆಗಲು ಕೊಟ್ಟ. ಕೃಷ್ಣಪ್ರಸಾದರು ಇನ್ನೊಂದು ಕಡೆ, ಹಿಂದೆ ವಾಯುಸೇನೆಯ ಇಬ್ಬರು.

“ಇಷ್ಟ ಹಗುರ ಅದ ಏನು ಇದು?” ಎಂದ ರಘುನಂದನ.

ಕೃಷ್ಣಪ್ರಸಾದರ ಪೋರ್ಟಿಕೋದತ್ತ ಹೊರಟರು. ಗೇಟು ಬಂತು. ಇವತ್ತು ಹೊಸ್ತಿಲು ದಾಟಬಾರದಮ್ಮ ಎಂದು ರಾಜಮ್ಮ ಹಿಂದಿನಿಂದ ಹೇಳುತ್ತಿದ್ದರು. ವಿಮಲಾ ದೋಣಿಯ ಬಾಲಕ್ಕೆ ಅಂಗೈ ಆನಿಸಿ, ಅದರ ಹಿಂದೆಯೇ ರಸ್ತೆಗಿಳಿದಳು. ಕೃಪಾ ಅವಳ ಪಕ್ಕಕ್ಕೆ ಬಂದು, ಯಾರು ನಡೆಸುತ್ತಾರೆ ಇದನ್ನು ಎಂದು ಕೇಳಿದಳು.

“ಮೊದಲ ಈಜು ಕಲೀತೀನಿ ತಡಿ,” ಎಂದಳು ವಿಮಲಾ.

ಎದುರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಅಪರಿಚಿತ, ಒದ್ದೆ ಬಟ್ಟೆಯ ನಾಲ್ವರನ್ನೂ ಅವರ ಹೆಗಲ ಮೇಲಿನ ಉದ್ದನೆಯದನ್ನೂ ಹಿಂದೆ ನಡೆದು ಬರುತ್ತಿದ್ದ ಹೆಂಗಸರನ್ನೂ ಕಂಡು ಗಾಡಿಯನ್ನು ಬದಿಗೆ ತೆಗೆದುಕೊಂಡ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಕೈ ಮುಗಿದು ನಿಂತ. ಅದು ದೋಣಿಯೆಂದು ಅವನಿಗೆ ಯಾರೂ ಹೇಳಲಿಲ್ಲ. ದೋಣಿ ಅವನ ಮುಂದೆ ನೆಟ್ಟಗೆ ಹಾದುಹೋಯಿತು.