ನಗುವಿನ ಹಾಜರಿ

ಸಿಮೆಂಟ್ ಚೀಲಕ್ಕೆ ಹಳೆಯ ಸೀರೆ ತುರುಕಿ ಮಾಡಿದ ಮೂರು ದಿಂಬಿಗೆ ಒರಗಿದರೆ ಮಾತ್ರ ಅಂಬಿಕಾಳಿಗೆ ಉಸಿರು ದಕ್ಕುತ್ತಿತ್ತು. ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಕಾಲು ಊದಿದಾಗ ಗೋವಾದ ಚಿಂಬಲ್‌ನ ಕೂಲಿಯಾಳುಗಳ ಶೆಡ್ಡಿನವರೆಲ್ಲ ಬಾಣಂತಿಯ ಬಾವು ಎಂದು ಬಿಸಿನೀರು ಹೊಯ್ದಿದ್ದರು. ದೊಡ್ಡ ಆಸ್ಪತ್ರೆಯ ಡಾಕ್ಟರಬಾಯಿ ಬೇರೆಯೇ ಹೇಳಿದರು. ಬಸಿರಿನಿಂದ ಹೃದಯ ಸೋತಿದೆ, ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಗುಳಿಗೆ ತಪ್ಪಬಾರದು, ಭಾರ ಹೊರಬಾರದು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ ಆ ಕ್ಷಣವೇ ಕರೆತರಬೇಕು.

ಅಂದಿನಿಂದ ಪಕ್ಕದ ಶೆಡ್ಡಿನ ಸುಂದರವ್ವ ದಿನಾ ಬೆಳಗ್ಗೆ ಬಾಗಿಲಿಗೆ ಬರತೊಡಗಿದಳು.

“ನಗವಾ ತಂಗಿ, ಬಾಯಿ ನೆಟ್ಟಗೈತೇನು ನೋಡೂಣು.”

“ಸುಮ್ಮಸುಮ್ಮನ ಹೆಂಗ ನಗ್ಲಿ ಅಕ್ಕಾ?”

“ನಿನ್ನ ಗಂಡ ನಿನ್ನೆ ಬಡದ ರೊಟ್ಟಿ ನೆನಸ್ಕೋ. ಮುಕಾದಮ ನೋಡಿದ್ರ ಫರಸಿ ಅಂತ ನೆಲಕ್ಕ ಹಾಸ್ತಿದ್ದ.”

ಅಂಬಿಕಾ ನಕ್ಕಳು. ಜೊತೆಗೆ ಬಂದಿದ್ದ ಇನ್ನೊಂದು ಶೆಡ್ಡಿನ ಹುಸೇನಬಿ ಅವಳ ಎರಡೂ ಕೈ ಎತ್ತಿಸಿ ನೋಡಿ, “ಪಾಸ್” ಅಂದಳು.

ಆ ನಗು ಕೇಳಿಯೇ ಆಳುಗಳನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಪಾಂಡಪ್ಪ ಒಳಗೆ ಇಣುಕಿದ. ಅವನ ಲೆಕ್ಕದಲ್ಲಿ ಗಂಡ ಹೆಂಡತಿ ಅಂದರೆ ಒಂದು ಜೋಡಿ. ಅರ್ಧ ಜೋಡಿಗೆ ಕೆಲಸವೂ ಇಲ್ಲ, ಶೆಡ್ಡೂ ಇಲ್ಲ.

“ನಗಾಕ ಬರತೈತಿ, ಬುಟ್ಟಿ ಹೊರಾಕ ಬರೂದಿಲ್ಲ? ನಾಳೆ ಸ್ಲ್ಯಾಬ್ ಐತಿ. ಇಬ್ಬರೂ ಬರ್ರಿ, ಇಲ್ಲಾಂದ್ರ ಶೆಡ್ ಖಾಲಿ ಮಾಡ್ರಿ.”

“ಎರಡಾಳಿನ ಕೆಲಸ ನಾನ ಮಾಡ್ತೀನ್ರಿ,” ಎಂದ ಗಂಡ ಮಾಂತೇಶ.

“ಹೆಣ್ಣಾಳ ಬೇಕೋ ಮಾರಾಯಾ.”

ಮರುದಿನ ಅಂಬಿಕಾ ಕೂಸನ್ನೆತ್ತಿಕೊಂಡು ಕೆಲಸದ ಜಾಗಕ್ಕೆ ಹೋದಳು. ಮಿಕ್ಸರ್ ತಿರುಗುತ್ತಿತ್ತು. ಹೆಂಗಸರ ಸಾಲು ಮೇಲೆ ಕಾಂಕ್ರೀಟ್ ಸಾಗಿಸುತ್ತಿತ್ತು. ಅರ್ಧ ಸ್ಲ್ಯಾಬ್ ಮುಗಿದಿತ್ತು. ಪಾಂಡಪ್ಪ ತುಂಬಿದ ಬುಟ್ಟಿಯೊಂದನ್ನು ಅವಳ ಮುಂದೆ ತಳ್ಳಿದ.

ಸುಂದರವ್ವ ತಲೆಯ ಬುಟ್ಟಿಯನ್ನು ಕೆಳಗಿಟ್ಟಳು. ಹುಸೇನಬಿಯೂ ಇಟ್ಟಳು. ಸಾಲೆಲ್ಲ ನಿಂತಿತು.

“ಅಕಿ ಪಾಲಿನ ಬುಟ್ಟಿ ನಾವು ಹೊರತೀವಿ. ಇವತ್ತ ನಾ ಮಾಂತೇಶನ ಜೋಡಿ, ನಾಳೆ ಹುಸೇನಬಿ.”

“ನಿನ್ನ ಗಂಡನ್ನ ಕೇಳೀಯೇನು?”

“ಅವಗೂ ಒಂದಿನ ಸುಖ ಸಿಗ್ಲಿ ಬಿಡು.”

ಸಾಲಿನ ತುಂಬ ನಗು ಹರಿಯಿತು. ಪಾಂಡಪ್ಪ ಮಾತ್ರ ಮಿಕ್ಸರ್ ಕಡೆ ನೋಡುತ್ತಿದ್ದ.

“ಎತ್ರವಾ, ಮಾಲು ಗಟ್ಟಿ ಆಗಾಕತ್ತೈತಿ.”

“ಆಗ್ಲಿ. ಅಕಿ ಎದ್ಯಾಗಿನ ರಕ್ತ ಗಟ್ಟಿಯಾದ್ರ ನಿನಗ ಇಷ್ಟ ಅವಸರ ಇರೂದಿಲ್ಲಲ್ಲ.”

ಪಾಂಡಪ್ಪ ಮಾಂತೇಶನನ್ನು ನೋಡಿದ. ಅವನೂ ಸಲಿಕೆ ಊರಿ ನಿಂತಿದ್ದ.

“ಆತು. ಅಕಿ ಶೆಡ್ಡಿನ್ಯಾಗ ಇರ್ಲಿ. ಎತ್ರಿ ಈಗ.” ಮಾತು ಸಿಟ್ಟಿಗೆ ಸೊಟ್ಟಗಾದ ಅವನ ಬಾಯಿಂದ ಹೊರಬಿತ್ತು.

ಉಸುಕಿನ ಗುಡ್ಡೆಯ ಮೇಲೆ ಕೂಸಿಗೆ ಹಾಲೂಡಿಸುತ್ತಿದ್ದ ಅಂಬಿಕಾ ತಲೆಯೆತ್ತಿದಳು.

“ಪಾಂಡಣ್ಣಾ, ಒಂದೀಟು ನಗ್ರಿ. ಬಾಯಿ ನೆಟ್ಟಗೈತೇನು ನೋಡೂಣು.”