ತಗ್ಗಿಸಿದ ತಂತಿ

ವೇದಿಕೆಯ ಮೇಲೆ ಡಬಲ್ ಬೇಸ್ ಮಗ್ಗುಲಾಗಿ ಮಲಗಿದೆ. ಆಳೆತ್ತರದ, ಸುಟ್ಟ ಬೆಲ್ಲದ ಬಣ್ಣದ ವಾದ್ಯ. ದಶಕಗಳ ಕಾಲ ಅಂಗೈ ಒರಗಿದ ಜಾಗದಲ್ಲಿ ಮೆರುಗು ಸವೆದು ಒಳಗಿನ ಬಿಳಿಮರ ಕಾಣುತ್ತಿದೆ. ಚಳಿಗಾಲದ ಬಿಸಿಲು ಜರ್ಮನ್‌ಟೌನ್ ಅವೆನ್ಯೂ ಕಡೆಯ ಕಿಟಕಿಯಿಂದ ಒಳಬಂದು, ಮೇಜುಗಳ ಮೇಲೆ ಮಗುಚಿಟ್ಟ ಕುರ್ಚಿಗಳ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಅದರ ಸೊಂಟದ ತಗ್ಗಿನಲ್ಲಿ ನಿಂತುಬಿಟ್ಟಿದೆ. ಕುರಿಯ ಕರುಳಿನ ನಾಲ್ಕು ತಂತಿಗಳು ಹಳೆಯ ಹಲ್ಲಿನಂತೆ ಹಳದಿಗಟ್ಟಿವೆ. ಅವನ್ನು ಹೊತ್ತುನಿಂತ ಮರದ ಕುದುರೆಯ ಎರಡು ಕಾಲುಗಳಲ್ಲಿ ಎರಡು ಹಿತ್ತಾಳೆಯ ತಿರುಪುಗಳು ಮಿನುಗುತ್ತಿವೆ. ಪಕ್ಕದಲ್ಲಿ ಮುಚ್ಚಳ ಮುಚ್ಚಿದ ಪಿಯಾನೋ, ಮುಚ್ಚಳದ ಮೇಲೊಂದು ಕೈಚೀಲ. ಡ್ರಮ್ಮಿನ ಮೇಲೆ ಅಡ್ಡಲಾಗಿ ಇಟ್ಟ ಎರಡು ತಂತಿಬ್ರಷ್ಷುಗಳು. ಹಿಂದೆ ಗೋಡೆಯ ಬಳಿ ಕೋಟುಗಳ ಒಂದು ಗುಡ್ಡೆ. ಗುಡ್ಡೆಯ ಬುಡದಲ್ಲಿ ಇಣುಕುವ ಕರಿಯ ಪೆಟ್ಟಿಗೆಯ ಒಂದು ಮೂಲೆ. ಏನೂ ಅಲುಗುವುದಿಲ್ಲ. ಬೀದಿಬಾಗಿಲನ್ನು ಯಾರಾದರೂ ತೆರೆದು ಮುಚ್ಚಿದಾಗ ಮಾತ್ರ ದಪ್ಪ ತಂತಿ, ತೂಕಡಿಸುತ್ತ ಕತೆ ಕೇಳುವವರು ಹೂಂಗುಟ್ಟುವಂತೆ, ಒಮ್ಮೆ ಗುನುಗಿ ಸುಮ್ಮನಾಗುತ್ತದೆ.

ಆ ಗುನುಗು ಕೇಳಿಸುವುದು ತನಗೊಬ್ಬನಿಗೇ ಎಂದು ಆ ಬೇಸಿನ ಒಡೆಯ, ಎಲ್ಲರ ಬಾಯಲ್ಲಿ ಲೆಮ್ ಆದ ಲೆಮ್ಯುಯೆಲ್ ಗ್ಯಾಡ್ಸ್‌ಡೆನ್ ನಂಬಿದ್ದ. ಇಡೀ ಫಿಲಡೆಲ್ಫಿಯಾದಲ್ಲಿ ಕಿವಿ ಎಂಬುದು ಇದ್ದರೆ ಅದು ತನ್ನ ತಲೆಯ ಎರಡು ಬದಿಗಳಲ್ಲಿ ಮಾತ್ರ ಎಂಬುದು ಅವನ ಹೆಮ್ಮೆಯ ತಾಯಿಬೇರು. ಮಿಕ್ಕವೆಲ್ಲ ಅದರ ಟಿಸಿಲುಗಳು. ಉಕ್ಕಿನ ತಂತಿ ಕಟ್ಟುವವರನ್ನು ಕಂಡರೆ ಅವನಿಗೆ ತಿರಸ್ಕಾರ. ಬೇಸ್‌ಗೆ ವಿದ್ಯುತ್ತು ಹಾಯಿಸುವವರನ್ನು ಕಂಡರೆ ಇನ್ನಷ್ಟು. ಕುದುರೆಯ ತಿರುಪು ಇಳಿಸಿ, ತಂತಿಯನ್ನು ಹಲಗೆಗೆ ಅಂಟುವಂತೆ ತಗ್ಗಿಸಿ, ಬೆರಳಿಗೆ ನೋವಾಗದಂತೆ ನುಡಿಸುವವರ ಬಗ್ಗೆ ಅವನು ಆಡುತ್ತಿದ್ದ ಮಾತನ್ನು ಚರ್ಚಿನಿಂದ ನೇರವಾಗಿ ಬಂದವರ ಎದುರಿಗೆ ಹೇಳುವಂತಿರಲಿಲ್ಲ. ತಂತಿ ಎತ್ತರವಾದಷ್ಟೂ ನಾದ ದೊಡ್ಡದು, ಕೈಗೆ ಕಷ್ಟವೂ ದೊಡ್ಡದು. ಗ್ಯಾಡ್ಸ್‌ಡೆನ್ನನ ತಂತಿಗಳ ಅಡಿಯಲ್ಲಿ ಬೆಕ್ಕು ನುಸುಳಿಹೋಗಬಹುದು ಎಂಬ ಮಾತು ನ್ಯೂಯಾರ್ಕಿನವರೆಗೂ ಹಬ್ಬಿತ್ತು.

ಆ ಬೆಕ್ಕು ಈಗ ನುಸುಳಲಾರದು. ಹೋದ ಚಳಿಗಾಲದಲ್ಲಿ ಅವನ ಬೆರಳಿನ ಗೆಣ್ಣುಗಳು ಶುಂಠಿಯ ಗೆಡ್ಡೆಯಂತೆ ಬಾತುಕೊಂಡವು. ಒಂದು ಬೆಳಿಗ್ಗೆ, ತನ್ನ ಮನೆಯಲ್ಲಿ, ಅಡುಗೆಮನೆಯ ಪರದೆ ಎಳೆದುಕೊಂಡು, ಕದ್ದು ತಿನ್ನುವವನಂತೆ ಅವನು ಎರಡೂ ತಿರುಪುಗಳನ್ನು ಕೂದಲೆಳೆಯಷ್ಟು ಇಳಿಸಿದ. ಮತ್ತೆ ಕೆಲವು ವಾರ ಕಳೆದು ಇನ್ನಷ್ಟು. ಬೇಸಿನ ನಾದ ಕುಗ್ಗಿದ್ದು ಅವನಿಗೆ ತಿಳಿಯಿತು. ಆದರೆ ಅವನು ನುಡಿಸುವ ಕೊಠಡಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ನಾದ ಎಂದಿನಂತೆ ಕೊನೆಯ ಮೇಜು ಮುಟ್ಟುತ್ತಲೇ ಇತ್ತು. ನನ್ನ ಕೈಗುಣ, ಎಂದುಕೊಂಡ.

ಅವನನ್ನು ಕಾಡುತ್ತಿದ್ದುದು ಆ ಜಾಗದ ಪದ್ಧತಿ ಒಂದೇ. ಊಟವೂ ಜಾಜ್ ಸಂಗೀತವೂ ಸಿಗುವ ಮಿಸ್ ಓಪಲ್‌ಳ ಲೌಂಜಿನಲ್ಲಿ ಭಾನುವಾರ ಮಧ್ಯಾಹ್ನ ಯಾರು ಬೇಕಾದರೂ ವೇದಿಕೆ ಹತ್ತಿ ಜೊತೆಗೆ ನುಡಿಸಬಹುದು. ತುತ್ತೂರಿಯವನು ತನ್ನ ತುತ್ತೂರಿಯನ್ನು ತರುತ್ತಾನೆ. ಬೇಸನ್ನು ಮಾತ್ರ ಟ್ರಾಮಿನಲ್ಲಿ ಹೊತ್ತುತರಲಾಗದು. ಆದ್ದರಿಂದ ಬಂದವರಿಗೆ ಅಲ್ಲಿನ ಬೇಸುಗಾರ ತನ್ನ ವಾದ್ಯವನ್ನೇ ಬಿಟ್ಟುಕೊಡಬೇಕು. ಕೊಡೆನೆಂದರೆ ಬಾಗಿಲಿಗೆ ಬಂದವರಿಗೆ ನೀರು ಕೊಡೆನೆಂದಂತೆ. ಬೇಸು ಬಲ್ಲ ಒಂದೇ ಒಂದು ಬೆರಳು ಆ ತಂತಿಯನ್ನು ಮುಟ್ಟಿದರೆ ಸಾಕು, ಗ್ಯಾಡ್ಸ್‌ಡೆನ್ನನ ಹೆಸರು ಸಂಜೆಯೊಳಗೆ ಬೀದಿಯ ಪಾಲು. ಹೀಗಾಗಿ ಈ ಒಂದು ವರ್ಷ ಅವನು ತನ್ನ ತಿರಸ್ಕಾರವನ್ನೇ ಮುಳ್ಳುಬೇಲಿಯಾಗಿ ಹಾಕಿಕೊಂಡಿದ್ದ. ಬೇಸು ನುಡಿಸುವವರು ಬಂದರೆ ಅವನ ಬಾಯಿಗೆ ಹೆದರಿ, ಲೌಂಜಿನ ಹುರಿದ ಮೀನು ತಿಂದು, ಹಾಗೇ ಹೊರಟುಹೋಗುತ್ತಿದ್ದರು.

ಆ ಭಾನುವಾರ ಬಂದವಳು ಬೂಟಿನ ಹಿಮ ಕೊಡವಿ ನೇರವಾಗಿ ವೇದಿಕೆಯ ಬಳಿ ನಿಂತಳು.

“ಮಿಸ್ಟರ್ ಗ್ಯಾಡ್ಸ್‌ಡೆನ್, ನಾನು ಕೊರಿನ್ ಮ್ಯಾಪ್. ಬಾಲ್ಟಿಮೋರಿಂದ ಬಂದೆ. ನಾನೂ ಬೇಸ್ ನುಡಿಸ್ತೀನಿ.”

“ಅಯ್ಯೋ ಪಾಪ,” ಎಂದ ಲೆಮ್. “ಮನೇಲಿ ಗೊತ್ತಾ?”

ಡ್ರಮ್ಮಿನ ಹಿಂದೆ ಆಲ್ಟನ್ ಪಿಂಕ್ನಿ ನಕ್ಕ. ಲೆಮ್‌ನ ಪಕ್ಕದಲ್ಲಿ ಕೂತು ಮುಪ್ಪಾದವನು ಅವನು. ಆ ನಗೆಗೂ ಅಷ್ಟೇ ವಯಸ್ಸು.

“ಆ ಚೀಲದಲ್ಲೇನು?”

“ಪಿಕಪ್. ಕುದುರೆಗೆ ಸಿಕ್ಕಿಸೋ ಪುಟ್ಟ ಮೈಕು. ಇನ್ನೊಂದು ಸ್ವರ ತಿದ್ದೋ ಡಬ್ಬಿ.”

“ಸ್ವರ ಡಬ್ಬಿ ತಿದ್ದುತ್ತೆ. ನೀನೇನು ಮಾಡ್ತೀಯ, ಪಕ್ಕದಲ್ಲಿ ನಿಂತು ಡಬ್ಬಿ ಕಾಯ್ತೀಯಾ?”

“ಕೆಲವು ದೊಡ್ಡ ಹಾಲ್‌ಗಳಲ್ಲಿ ಬೇಕಾಗುತ್ತೆ, ಸಾರ್.”

“ಹಾಲ್ ದೊಡ್ಡದಾದ್ರೆ ಕೈ ದೊಡ್ಡದು ಮಾಡ್ಕೋಬೇಕು. ಅಗೋ, ಆ ಕೋಟು ಗುಡ್ಡೆ ಕೆಳಗಿದೆಯಲ್ಲ, ಅದೂ ಒಂದು ಆಂಪ್ಲಿಫೈಯರ್ರೇ. ಓಪಲ್‌ಳ ಅಳಿಯ ತಂದಿಟ್ಟು ಹೋದ. ಇಷ್ಟು ವರ್ಷದಲ್ಲಿ ಅದರಿಂದ ಒಂದೇ ಉಪಕಾರ ಆಗಿರೋದು. ಕೋಟಿಗೆ ನೆಲದ ಕೊಳೆ ಹತ್ತಿಲ್ಲ.”

ಕೊರಿನ್ ನಕ್ಕಳೇ ಹೊರತು ಹಿಂದೆ ಸರಿಯಲಿಲ್ಲ. ಲೆಮ್ ಬೇಲಿಗೆ ಇನ್ನೊಂದು ಸಾಲು ಮುಳ್ಳು ಕಟ್ಟಿದ.

“ನಿನ್ನ ಬೇಸ್‌ಗೆ ಉಕ್ಕಿನ ತಂತಿ ತಾನೇ? ನೋಡು, ಉಕ್ಕು ಬೇಲಿ ಕಟ್ಟೋಕೆ. ಕುರಿ ಸುಮ್ಮನೆ ಪ್ರಾಣ ಬಿಟ್ಟಿತು ಅಂದ್ಕೊಂಡೆಯಾ? ಹೋಗಲಿ, ಒಬ್ಬಳೇ ಸೋಲೋ ನುಡಿಸ್ತೀಯಾ?”

“ನುಡಿಸ್ತೀನಿ.”

“ಯಾರದು?”

“ನನ್ನದೇ.”

“ಎಲ್ಲರೂ ಹಾಗೇ ಅನ್ನೋದು. ಮೊನ್ನೆ ಒಬ್ಬ ಬಂದಿದ್ದ. ಸತ್ತೋರ ಸೋಲೋನ ರೆಕಾರ್ಡಿಂದ ಗಿಣಿಪಾಠ ಮಾಡ್ಕೊಂಡು ಬಂದು, ಅವರು ಉಸಿರು ತಗೊಂಡ ಕಡೆ ತಾನೂ ತಗೊಂಡು ಒಪ್ಪಿಸಿದ. ಸತ್ತೋನ ಅಂಗಿ ತೊಟ್ಕೊಂಡು ಅವನ ಹೆಂಡತಿ ಮುಂದೇನೇ ಓಡಾಡಿದ ಹಾಗಿತ್ತು. ಮನೋಧರ್ಮ ಅಂದ್ರೆ ನುಡಿಸೋದಲ್ಲ, ಮಗಳೇ. ಪಕ್ಕದೋನು ಏನು ಹೇಳಿದ, ಏನು ಹೇಳದೆ ನುಂಗಿಕೊಂಡ, ಅದು ಕೇಳಿಸಬೇಕು. ಕೇಳಿಸಿದ ಮೇಲೆ ಒಂದು ಸ್ವರ, ಸಾಕು. ಜಾಜ್ ನುಡಿಸೋದು ಕಿವಿ. ಕೈ ಬರೀ ಕೂಲಿ ಆಳು.”

“ಇದು ನೂರನೇ ಸಲ,” ಎಂದ ಆಲ್ಟನ್, ಬ್ರಷ್ಷಿನಿಂದ ಡ್ರಮ್ಮಿನ ಧೂಳು ತೆಗೆಯುತ್ತ.

“ಇವನನ್ನೇ ನೋಡು,” ಲೆಮ್ ಬೆರಳು ತೋರಿಸಿದ. “ಒಂದು ಕಾಲದಲ್ಲಿ ಇವನು ಕೋಲು ಎತ್ತಿದ್ರೆ ಎದುರುಮನೆ ಕಿಟಕಿ ಅದುರ್ತಿತ್ತು. ಈಗ ಹೋದ ವರ್ಷದಿಂದ ಬ್ರಷ್ ಹಿಡಿದು ಮೆತ್ತಗೆ ಕಸ ಗುಡಿಸ್ತಾನೆ. ವಯಸ್ಸು ಕೆಲವರನ್ನ ಹಾಗೆ ಹಿಡಿಯುತ್ತೆ.”

“ಚೆಲ್ಲೋನು ನೀನಿರುವಾಗ ಗುಡಿಸೋಕೆ ಒಬ್ಬ ಬೇಡವೇನಯ್ಯಾ,” ಎಂದ ಆಲ್ಟನ್.

ಮಗುಚಿದ್ದ ಕುರ್ಚಿಗಳು ಕೆಳಗಿಳಿದವು. ಚರ್ಚು ಬಿಟ್ಟು ಬಂದ ಹೆಂಗಸರ ಟೊಪ್ಪಿಗಳು ಕೊಠಡಿಯಲ್ಲಿ ಹೂವಿನ ಪಾತಿಯಂತೆ ಅರಳಿಕೊಂಡವು. ಅಡುಗೆಮನೆಯಿಂದ ಹುರಿದ ಮೀನಿನ ವಾಸನೆ ಬಂತು. ಮೊದಲ ಸುತ್ತು ನಡೆಯಿತು. ಕೊರಿನ್ ಮುಂದಿನ ಮೇಜಿನಲ್ಲಿ ಕೂತು, ತಟ್ಟೆಯನ್ನು ಮುಟ್ಟದೆ, ಲೆಮ್‌ನ ಕೈಗಳನ್ನೇ ನೋಡುತ್ತಿದ್ದಳು. ಪೂಜೆಯ ನೋಟವೋ ಪತ್ತೆಯ ನೋಟವೋ ತಿಳಿಯದೆ ಅವನು ಎರಡನ್ನೂ ಮನಸ್ಸಿನಲ್ಲೇ ಹಳಿದ.

ಎರಡನೆಯ ಸುತ್ತಿಗೆ ಮುನ್ನ ಮಿಸ್ ಓಪಲ್ ಪಿಯಾನೋದಿಂದ ತಿರುಗಿದಳು. ಲೌಂಜಿನ ಒಡತಿಯೂ ಅವಳೇ, ಪಿಯಾನೋ ನುಡಿಸುವವಳೂ ಅವಳೇ. ಅವಳ ಮಾತಿಗೆ ಎರಡನೆಯ ಮಾತಿಲ್ಲ.

“ಬಾಲ್ಟಿಮೋರ್ ಮಗು, ಮೇಲೆ ಬಾ. ಲೆಮ್, ಕೊಡು.”

“ಈ ತಂತಿಗೆ ಇವಳ ಕೈ ತಡೆಯಲ್ಲ, ಓಪಲ್. ಬೆರಳು ಸಿಗಿದುಹೋದ್ರೆ ಇವಳಮ್ಮನಿಗೆ ಯಾರು ಉತ್ತರ ಹೇಳೋದು?”

“ನಮ್ಮಮ್ಮ ಕೇಳಲ್ಲ, ಸಾರ್. ನಿಮ್ಮ ತಂತಿ ಮೇಲೆ ಕೈ ಇಡಬೇಕು ಅಂತಲೇ ಬಂದಿದ್ದು.”

“ನೀನು ಇಷ್ಟುದ್ದ ಹುಡುಗ ಆಗಿದ್ದಾಗ ನಿನ್ನ ಕೈಗೂ ಯಾರೋ ಕೊಟ್ಟಿದ್ರು,” ಎಂದಳು ಓಪಲ್. “ಕೊಡು.”

ಅವನು ಕೊಟ್ಟ. ಕೊಟ್ಟು, ಗೋಡೆಯ ಬಳಿ ಹೋಗಿ ಕೋಟುಗಳ ಪಕ್ಕದಲ್ಲಿ ನಿಂತ.

ಕೊರಿನ್ ತಂತಿಯನ್ನು ಒತ್ತಿದಳು. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟವರು ಸಮನೆಲ ಸಿಕ್ಕಿ ಮುಗ್ಗರಿಸುವಂತೆ ಅವಳ ಬೆರಳು ಮುಗ್ಗರಿಸಿತು. ಅವಳ ಕಣ್ಣು ಕುದುರೆಯ ಕಾಲಿಗೆ ಇಳಿದು, ತಿರುಪುಗಳನ್ನು ನೋಡಿ, ಅಲ್ಲಿಂದ ಲೆಮ್‌ನ ಮುಖಕ್ಕೆ ಬಂತು. ಅವನು ಯಾರದೋ ಕೋಟಿನ ಗುಂಡಿಯನ್ನು ನೋಡುತ್ತಿದ್ದ. ಈಗ ಹೇಳುತ್ತಾಳೆ ಎಂದುಕೊಂಡ. ಅವಳು ಕಣ್ಣನ್ನು ಮತ್ತೆ ತಂತಿಗೆ ತಂದಳು. ನುಡಿಸಿದಳು.

ಚೆನ್ನಾಗಿಯೇ ನುಡಿಸಿದಳು, ಅದನ್ನೂ ಅವನು ಅವಳ ಲೆಕ್ಕಕ್ಕೆ ತಪ್ಪೆಂದೇ ಬರೆದುಕೊಂಡ. ಹಾಡಿನ ನಡುವೆ ಅವಳು ಡ್ರಮ್ಮಿನ ಕಡೆ ತಿರುಗಿ, “ಮಿಸ್ಟರ್ ಪಿಂಕ್ನಿ, ಕೋಲು ತಗೊಳ್ಳಿ, ನಾನೂ ಜೋರಾಗಿ ಮೀಟ್ತೀನಿ,” ಎಂದಳು. ಆಲ್ಟನ್ ಬೇಡವೆಂದು ತಲೆಯಾಡಿಸಿ ಬ್ರಷ್ಷಿನಲ್ಲೇ ಮುಂದುವರಿದ. ಹಾಡು ಮುಗಿಯಿತು.

“ಕೋಲು ಯಾಕೆ ಬೇಡ?”

“ತಂದಿಲ್ಲ, ಮಗು.”

“ಡ್ರಮ್ ನುಡಿಸೋರು ಕೋಲು ತರದೆ ಬರ್ತಾರಾ?”

ನೇರಳೆ ಟೊಪ್ಪಿಯ ಹೆಂಗಸೊಬ್ಬಳು ಮೇಜಿನಿಂದಲೇ ಹೇಳಿದಳು: “ಹೋದ ಚಳಿಗಾಲದಿಂದ ತಂದೇ ಇಲ್ಲ ಕಣಮ್ಮ. ನಾವು ಕೇಳೋದು ಬಿಟ್ವಿ.”

“ಹಾಗಾದ್ರೆ ಮಿಸ್ ಓಪಲ್, ಪಿಯಾನೋ ಮೇಲ್ಮುಚ್ಚಳ ಆದ್ರೂ ಎತ್ತೋಣ, ನಾದ ಹೊರಗೆ ಬರಲಿ. ನಿಮ್ಮ ಕೈಚೀಲ ನಾನು ತೆಗೆದಿಡ್ತೀನಿ.”

“ಬೇಡ,” ಎಂದಳು ಓಪಲ್. ಆ ಮಾತು ತಾಳಕ್ಕಿಂತ ಮೊದಲೇ ಬಿತ್ತು. ಐವತ್ತು ವರ್ಷ ನುಡಿಸಿ ಒಮ್ಮೆಯೂ ತಾಳ ತಪ್ಪದ ಹೆಂಗಸು ಅವಳು.

ಅದು ಲೆಮ್‌ಗೆ ಕೇಳಿಸಿತು. ಕೇಳಿಸಿದ್ದೇ ತಡ, ಒಂದು ವರ್ಷದ ಭಾನುವಾರಗಳೆಲ್ಲ ಹಿಂದಕ್ಕೆ ನುಡಿಯತೊಡಗಿದವು: ಒಂದು ದಿನ ಇದ್ದಕ್ಕಿದ್ದಂತೆ ಪಿಯಾನೋದ ಮೇಲೆ ಬಂದು ಕೂತ ಕೈಚೀಲ, ವಾರವಾರವೂ ಒಂದೊಂದು ಕೂದಲೆಳೆ ಮೆತ್ತಗಾದ, ಡ್ರಮ್ಮಿನ ಮೇಲಿನ ಕಂಚಿನ ತಟ್ಟೆಯ ಸದ್ದು. ಬಿಡುವಿನಲ್ಲಿ ಅವನು ಆಲ್ಟನ್‌ನನ್ನು ಅಡುಗೆಮನೆಯ ಬಾಗಿಲಿಗೆ ಎಳೆದೊಯ್ದ.

“ಯಾವಾಗಿಂದ?”

“ನೀನು ತಿರುಪು ಇಳಿಸಿದ ವಾರದಿಂದ.”

“ಯಾರು ಹೇಳಿದ್ರು?”

“ಹೇಳಬೇಕಾ? ಹೆಂಡತಿ ಹಾಸಿಗೆಯಿಂದ ಎದ್ದರೆ ಕಣ್ಣು ಮುಚ್ಚಿದ್ರೂ ಗೊತ್ತಾಗಲ್ವಾ?”

“ನನಗೆ ದಯೆ ತೋರಿಸಿದ್ರಾ, ಇಬ್ಬರೂ ಸೇರ್ಕೊಂಡು? ನನಗೆ?”

“ದಯೆ ಯಾತರದ್ದು. ನೀನು ಇಳಿದೆ, ನಾವೂ ಇಳಿದ್ವಿ. ಇಲ್ಲದಿದ್ರೆ ನಿನ್ನ ಬೇಸ್ ಯಾರಿಗೂ ಕೇಳಿಸ್ತಾನೇ ಇರಲಿಲ್ಲ.”

“ವಾರವಾರ ನಿನ್ನನ್ನ ಕಸ ಗುಡಿಸೋನು ಅಂದೆ.”

“ಅಂದೆ. ಚೆನ್ನಾಗೇ ಅಂದೆ. ಜನ ನಗ್ತಿದ್ರು.” ಆಲ್ಟನ್ ಒಂದು ತುಂಡು ಮೀನು ಬಾಯಿಗೆ ಹಾಕಿಕೊಂಡ. “ಕಿವಿ ಕಿವಿ ಅಂತ ಊರಿಗೆಲ್ಲ ಪಾಠ ಹೇಳೋನು, ಇವನಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತೆ ಅಂತ ಓಪಲ್ ಹೆದರಿದ್ಲು. ನಿನಗೆ ಕೇಳಿಸಲೇ ಇಲ್ಲ. ನಮಗೂ ಅನುಕೂಲ ಆಯ್ತು.”

ಲೆಮ್‌ನ ಬಳಿ ತಿರಸ್ಕಾರದ ಮಾತುಗಳಿಗೆ ಬರವಿರಲಿಲ್ಲ. ಆದರೆ ಈಗ ಕೈಗೆ ಸಿಕ್ಕಿದ ಪ್ರತಿಯೊಂದು ಮಾತೂ ಅವನ ಅಳತೆಗೇ ಹೊಲಿದಿಟ್ಟ ಅಂಗಿಯಂತಿತ್ತು. ಅವನು ವೇದಿಕೆಗೆ ಹಿಂತಿರುಗಿ, ಕುದುರೆಯ ಮುಂದೆ ಮೊಣಕಾಲೂರಿ, ತಿರುಪನ್ನು ಮೇಲಕ್ಕೆ ತಿರುಗಿಸಿದ. ಹಳೆಯ ಎತ್ತರಕ್ಕೆ ತಂದು ದಪ್ಪ ತಂತಿಯನ್ನು ಒತ್ತಿದ. ಬೆರಳು ಹಲಗೆಯವರೆಗೆ ಹೋಗಲಿಲ್ಲ. ಇನ್ನೊಂದು ಕೈಯನ್ನೂ ಮೇಲಿಟ್ಟು ಒತ್ತಿದ. ಗೆಣ್ಣಿನೊಳಗೆ ಏನೋ ಕಿರುಚಿತು. ತಿರುಪನ್ನು ಮತ್ತೆ ಇಳಿಸಿದ. ಈ ಸಲ ಪರದೆ ಇರಲಿಲ್ಲ. ನೇರಳೆ ಟೊಪ್ಪಿ ತಟ್ಟೆಯ ಕಡೆ ಬಾಗಿಕೊಂಡಿತು.

ಆಮೇಲೆ ಅವನು ಕೋಟುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಹಾಕತೊಡಗಿದ.

“ಹುಡುಗಿ, ಆ ಪಿಕಪ್ ತಾ.”

ಕೊರಿನ್ ತಂದಳು. “ಡಬ್ಬಿನೂ ಬೇಕಾ?”

“ನನ್ನ ಸ್ವರದಲ್ಲಿ ತಿದ್ದೋಕೆ ಏನಿದೆ?”

“ಏನಿಲ್ಲ. ಸಣ್ಣದಾಗಿದೆ, ಅಷ್ಟೇ.”

ಅವನು ಪಿಕಪ್ಪನ್ನು ಕುದುರೆಗೆ ಸಿಕ್ಕಿಸಿ, ಅದರ ವೈರನ್ನು ಕರಿಯ ಪೆಟ್ಟಿಗೆಗೆ ಚುಚ್ಚಿದ. “ಬಾಲ್ಟಿಮೋರಲ್ಲಿ ದೊಡ್ಡೋರ ಜೊತೆ ಮಾತಾಡೋದು ಹೀಗೇನಾ?”

“ದೊಡ್ಡೋರು ನಮ್ಮ ಜೊತೆ ಮಾತಾಡಿದ ಹಾಗೆ, ಸಾರ್.”

ಮೂರನೆಯ ಸುತ್ತಿನಲ್ಲಿ ಅವನು ಮೊದಲ ಸ್ವರ ಮೀಟಿದಾಗ ನಾದ ವಾದ್ಯದ ಹೊಟ್ಟೆಯಿಂದ ಬರದೆ ಬೆನ್ನ ಹಿಂದಿನಿಂದ ಬಂತು, ಬೇರೆ ಯಾರೋ ತನ್ನ ಹೆಸರು ಹಿಡಿದು ಕೂಗಿದಂತೆ. “ಬಾವಿಗೆ ಬಿದ್ದ ಹಸು ಕೂಗಿದ ಹಾಗಿದೆ,” ಎಂದು ಕೊಠಡಿಗೆಲ್ಲ ಕೇಳುವಂತೆ ಹೇಳಿದ. ಮೇಜುಗಳು ನಕ್ಕವು. ಓಪಲ್ ಎದ್ದು, ಕೈಚೀಲವನ್ನು ತೆಗೆದು, ಪಿಯಾನೋದ ಮುಚ್ಚಳ ಎತ್ತಿದಳು. ಆಲ್ಟನ್ ಅಡುಗೆಮನೆಗೆ ಹೋಗಿ ಎರಡು ಮರದ ಚಮಚಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ಕಂಚಿನ ತಟ್ಟೆಗೆ ಮೊದಲ ಏಟು ಬಿದ್ದಾಗ ಬೀದಿಯ ಕಡೆಯ ಕಿಟಕಿ ಅದುರಿತು. ಲೆಮ್ ಮೀಟಲು ಎತ್ತಿದ್ದ ಕೈಯನ್ನು ಅಲ್ಲೇ ತಡೆದು, ಆ ಅದುರು ಪೂರ್ತಿ ಇಳಿಯುವವರೆಗೆ ಕಾದು, ಒಂದು ಸ್ವರ ಇಟ್ಟ. ಒಂದೇ.

ಬೆಳಕು ಮಂಕಾಗುವ ಹೊತ್ತಿಗೆ ಟೊಪ್ಪಿಗಳು ಮನೆಗೆ ಹೋದವು. ಕೊರಿನ್ ಕಡೆಗೂ ತಣ್ಣಗಾದ ಮೀನು ತಿನ್ನುತ್ತಿದ್ದಳು.

“ನನ್ನ ಪಿಕಪ್ ಬಿಚ್ಚಿಕೊಡ್ತೀರಾ?”

“ಅವಸರ ಏನು? ಮುಂದಿನ ಭಾನುವಾರ ಬಂದು ತಗೊಂಡು ಹೋಗು.”

“ಬಂದ್ರೆ ಮತ್ತೆ ಬೈತೀರಾ?”

“ಇನ್ನೇನು, ಆರತಿ ಎತ್ತಲಾ?”

ಆಲ್ಟನ್ ನೆಲದಿಂದ ತನ್ನ ಕೋಟನ್ನು ಎತ್ತಿಕೊಂಡು ಕೊಡವಿದ. ಬೂಟುಗಳ ಹಿಮ ಕರಗಿ ಅದರ ಬೆನ್ನೆಲ್ಲ ಒದ್ದೆಯಾಗಿತ್ತು. “ಆ ಪೆಟ್ಟಿಗೆಯ ಒಂದೇ ಒಂದು ಉಪಕಾರ, ಅದನ್ನೂ ಕಳೆದೆಯಲ್ಲಯ್ಯಾ,” ಎಂದು ಗೊಣಗುತ್ತ ಬಾಗಿಲ ಕಡೆ ನಡೆದ.

“ಆಲ್ಟನ್.”

“ಏನು?”

“ಮುಂದಿನ ವಾರ ಕೋಲು ತಾ. ನೀನು ಗುಡಿಸಿದ್ದು ಸಾಕು.”

“ಮರೆತ್ರೆ?”

“ಮರೆಯೋ ವಯಸ್ಸಾಗಿದ್ರೆ ಮನೇಲೇ ಬಿದ್ದಿರು.”

ಆಲ್ಟನ್ ತಿರುಗಿ ನೋಡದೆ ಒಂದು ಕೈ ಎತ್ತಿ ಬೀಸಿದ, ಅದರಲ್ಲೊಂದು ಕೋಲು ಇದ್ದಂತೆ. ಬೀದಿಯ ಚಳಿ ಒಂದು ಗಳಿಗೆ ಒಳಬಂತು. ಬಾಗಿಲು ಅವನ ಬೆನ್ನ ಹಿಂದೆ ದಡ್ಡನೆ ಮುಚ್ಚಿಕೊಂಡಿತು, ಮತ್ತು ಕರಿಯ ಪೆಟ್ಟಿಗೆಯೊಳಗಿಂದ ದಪ್ಪ ತಂತಿ, ಎಲ್ಲರಿಗೂ ಕೇಳುವಂತೆ, ಹೂಂಗುಟ್ಟಿತು.